ಮಾರಿ ಗಡಿ ದಾಟಿದ ವರ್ಷ

ಮೊನ್ನೆ ಅಜ್ಜಂಪುರದಿಂದ ತರೀಕೆರೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಎಮ್ಮೆಗಳು ಅಡ್ಡ ಬಂದು ಬಸ್ಸು ನಿಂತಿತು. ರಸ್ತೆ ಪಕ್ಕದ ಕೊಟ್ಟಿಗೆಯ ಮುಂದೆ ಯಾರೋ ಹಸಿ ಬೇವಿನ ಸೊಪ್ಪಿಗೆ ಬೆಂಕಿ ಹಾಕಿ ದನಗಳಿಗೆ ಹೊಗೆ ಕೊಡುತ್ತಿದ್ದರು. ಕಿಟಕಿಯೊಳಗೆ ಹೊಗೆ ನುಗ್ಗಿತು. ಅದರ ಜೊತೆಗೆ ಅರಿಶಿನ, ಬೇವಿನೆಣ್ಣೆ, ಕೀವು ಕಟ್ಟಿದ ಗಾಯದ ನಾತ. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು, "ಮತ್ತೆ ಬಂತಾ ಈ ಗಂಟು ರೋಗ, ಇದರ ಮನೆ ಹಾಳಾಗ" ಎಂದಳು. ನಾನು ಬಾಗಿಲು ತೆಗೆಸಿ ಇಳಿದು ರಸ್ತೆ ಬದಿಯಲ್ಲೇ ಕಕ್ಕಿದೆ. "ಬಸ್ ಆಗಲ್ವಾ ಮೇಡಂ?" ಎಂದು ಕಂಡಕ್ಟರು ಕೇಳಿದ. ಆಗುತ್ತಪ್ಪಾ, ಹನ್ನೊಂದು ವರ್ಷದಿಂದ ಇದೇ ಬಸ್ಸಿನಲ್ಲೇ ಅಲ್ಲವೇ ನಾನು ಓಡಾಡುತ್ತಿರುವುದು? ನನಗೆ ಆಗದಿರುವುದು ಆ ಹೊಗೆ.

ಆ ಹೊಗೆ ನನಗೆ ಅಂಟಿಕೊಂಡದ್ದು ದನಗಳಿಗೆ ಈ ಚರ್ಮಗಂಟು ರೋಗ ಹಿಂದೊಮ್ಮೆ ಬಂದ ವರ್ಷ. ಯುರೋಪಿನಲ್ಲಿ ಯುದ್ಧ ಹತ್ತಿಕೊಂಡು ಕೆಲವು ತಿಂಗಳಾಗಿತ್ತು. ಉರಿಯುವ ಟ್ಯಾಂಕುಗಳ ವಿಡಿಯೊಗಳು ಎಲ್ಲರ ಮೊಬೈಲಿನಲ್ಲೂ ಇದ್ದವು. ನಾನು ವಾರವೆಲ್ಲ ತರೀಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ. ಊಟಕ್ಕೆ ಕೂರಿ ಎನ್ನುವವರಿಲ್ಲ, ಯಾವಾಗ ಹೊರಡುತ್ತೀರಿ ಎನ್ನುವವರೇ ಎಲ್ಲ. ಭಾನುವಾರ ಮಾತ್ರ ಕಡೂರಿಗೆ ಹೋಗಿ, ಕೆಲಸ ಮಾಡುತ್ತಲೇ ಪದವಿ ಓದುವ ದೊಡ್ಡವರಿಗೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತಿದ್ದೆ. ಅಂಗನವಾಡಿ ಟೀಚರುಗಳು, ಇಬ್ಬರು ಪೇದೆಗಳು, ಒಬ್ಬ ವಿಮೆ ಏಜೆಂಟ್. ಅವರೆಲ್ಲರಿಗಿಂತ ಹಿಂದೆ, ಕೊನೆಯ ಬೆಂಚಿನಲ್ಲಿ ರುದ್ರೇಶಪ್ಪ.

ರುದ್ರೇಶಪ್ಪನವರಿಗೆ ಆಗ ನಲವತ್ತೆರಡು. ಅಜ್ಜಂಪುರದ ಕಡೆಯ ಒಂದು ಊರಿನ ಪಂಚಾಯಿತಿ ಮೆಂಬರ್ರು. ಊರಿನ ಹೆಸರು ಬೇಡ, ಮೇಲೂರು ಎನ್ನುತ್ತೇನೆ. ಅದಕ್ಕೆ ಎರಡು ಮೈಲಿ ತಗ್ಗಿನಲ್ಲಿರುವುದನ್ನು ಕೆಳೂರು ಎನ್ನುತ್ತೇನೆ. ಹೆಸರು ಬರೆದರೆ ಗಾಯ ಕೆದಕಿದ ಹಾಗೆ, ಅದನ್ನು ಕೆದಕುವ ಹಕ್ಕು ನನಗಂತೂ ಇಲ್ಲ. ಅವರು ಬಿಳಿ ಷರ್ಟಿನ ಜೇಬಿನಲ್ಲಿ ಮೂರು ಬಣ್ಣದ ಪೆನ್ನು ಇಟ್ಟುಕೊಂಡು ಬರುತ್ತಿದ್ದರು, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಕೊನೆಗೆ ಒಂದು ಪ್ರಶ್ನೆ ಎಸೆಯುತ್ತಿದ್ದರು. "ಪಂಚಾಯ್ತಿ ಮೀಟಿಂಗಲ್ಲಿ ಬಾಯ್ ಮುಚ್ಕೊಂಡು ಕೂತ್ಕೋತೀನಿ ಮೇಡಂ, ಅದ್ನೆಲ್ಲ ಇಲ್ಲಿ ತೀರಿಸ್ಕೊತೀನಿ" ಎಂದು ನಗುತ್ತಿದ್ದರು. ನನಗೆ ಅವರನ್ನು ಕಂಡರೆ ಬಹಳ ಇಷ್ಟವಿತ್ತು. ಇವತ್ತಿಗೂ ಇಷ್ಟವೇ, ಅದೇ ಕಷ್ಟ.

ಎರಡೂ ಊರಿನ ಜಗಳ ಶುರುವಾದದ್ದು ಮಾರಿಯಿಂದ. ನಮ್ಮ ಕಡೆ ದನಕ್ಕೋ ಜನಕ್ಕೋ ರೋಗ ಬಿದ್ದರೆ ಮಾರಿಯನ್ನು ಸಾಗಿಸುತ್ತಾರೆ. ಹಳೇ ಮೊರದಲ್ಲಿ ಪೊರಕೆ, ಒಡಕು ಮಡಕೆ, ಬೇವಿನ ಸೊಪ್ಪು, ಹಸಿರು ಬಳೆ, ಮೊಸರನ್ನ ಇಟ್ಟು ಒಬ್ಬ ಮುತ್ತೈದೆಯೋ ಮುದುಕಿಯೋ ತಲೆ ಮೇಲೆ ಹೊರುತ್ತಾಳೆ. ಊರಿನ ಗಡಿಕಲ್ಲು ದಾಟಿಸಿ ಇಟ್ಟು ಹಿಂತಿರುಗಿ ನೋಡದೆ ಬರಬೇಕು. ಹೊತ್ತವರಾಗಲಿ, ಜೊತೆಗೆ ಹೋದವರಾಗಲಿ, ಮೊರ ಇಳಿಸುವ ತನಕ ತುಟಿ ಬಿಚ್ಚುವಂತಿಲ್ಲ. ಮಾತಾಡಿದರೆ ಮಾರಿ ಆ ಬಾಯಿಯ ಹಿಂದೆಯೇ ಮನೆಗೆ ವಾಪಸ್ ಬರುತ್ತಾಳೆ. ಮೊರ ಕಂಡ ಪಕ್ಕದ ಊರಿನವರು ಅದನ್ನು ಎತ್ತಿ ತಮ್ಮ ಮುಂದಿನ ಗಡಿಗೆ ಸಾಗಿಸಬೇಕು. ಹೀಗೆ ಊರಿಂದೂರಿಗೆ ಹೋಗಿ ಕೊನೆಗೆ ಹಳ್ಳದ ನೀರು ಸೇರಬೇಕು. ಆ ಸಾಲಿನಲ್ಲಿ ಕೊನೆಯ ಊರು ಕೆಳೂರು. ಅದರ ಆಚೆ ದನ ಮೇಯುವ ಕಾವಲು, ಕಾವಲಿನಾಚೆ ಹಳ್ಳ. ಎಲ್ಲರ ಮಾರಿಯನ್ನೂ ಹೊತ್ತು ನೀರಿಗೆ ಬಿಡುವ ಕೆಲಸ ತಲತಲಾಂತರದಿಂದ ಅವರದೇ.

ಆ ಶ್ರಾವಣದಲ್ಲಿ ಕೆಳೂರಿನವರು ಆಗುವುದಿಲ್ಲ ಎಂದರು. ಅವರ ಹಸುಗಳ ಮೈಮೇಲೆ ನಿಂಬೆಕಾಯಿ ಗಾತ್ರದ ಗಂಟುಗಳೆದ್ದು ಒಡೆದು ನೊಣ ಮುತ್ತಿದ್ದವು, ಎತ್ತುಗಳು ನಿಂತಲ್ಲೇ ಕುಸಿಯುತ್ತಿದ್ದವು. ಮೇಲೂರಿನವರು ಇಟ್ಟುಹೋದ ಮೊರವನ್ನು ಅವರು ಹಾಡುಹಗಲೇ ವಾಪಸ್ ತಂದು ಮೇಲೂರಿನ ಅರಳಿಕಟ್ಟೆಯ ಮೇಲೆ ಇಟ್ಟರು. ಮಾರನೆಯ ದಿನ ಮೇಲೂರಿನಲ್ಲಿ ನಾಲ್ಕು ಕರು ಸತ್ತವು. ರೋಗವಿತ್ತು, ಸಾಯುವುದಿತ್ತು. ಆದರೆ ಹಾಗಂತ ಯಾರು ಕೇಳುತ್ತಾರೆ? ಮೇಲೂರಿನ ಹುಡುಗರು ಸತ್ತ ಕರುವೊಂದನ್ನು ಟ್ರಾಕ್ಟರಿಗೆ ಕಟ್ಟಿ ಎಳೆದೊಯ್ದು ಕೆಳೂರಿನ ಕುಡಿಯುವ ನೀರಿನ ಟ್ಯಾಂಕಿನ ಬುಡದಲ್ಲಿ ಬಿಸಾಡಿದರು. ಕೆಳೂರಿನವರು ಮೇವಿಗೆ ಹೋಗಿದ್ದ ಮೇಲೂರಿನ ಇಬ್ಬರನ್ನು ಹಿಡಿದು ಬೇಲಿ ಕಂಬಕ್ಕೆ ಕಟ್ಟಿ ನೊಗದ ಹಗ್ಗದಲ್ಲಿ ಹೊಡೆದರು. ಒಬ್ಬನ ಮುಂದಿನ ಹಲ್ಲು ಅಷ್ಟೂ ಉದುರಿದವು. ಆಮೇಲೆ ಹಾಲಿನ ವ್ಯಾನಿಗೆ ಕಲ್ಲು ಬಿತ್ತು, ಡ್ರೈವರಿನ ಕೆನ್ನೆ ಸೀಳಿತು. ಆಮೇಲೆ ಕೆಳೂರಿನ ಎರಡು ಹುಲ್ಲಿನ ಬಣವೆಗಳು ಉರಿದವು. ಬಣವೆಯ ಪಕ್ಕ ಕಟ್ಟಿದ್ದ ಹಸುವೊಂದು ಹಗ್ಗ ಹರಿಯಲಾರದೆ ಅಲ್ಲೇ ಬೆಂದಿತು.

ಇದೆಲ್ಲವನ್ನೂ ರುದ್ರೇಶಪ್ಪ ಭಾನುವಾರ ಭಾನುವಾರ ಬಂದು ತರಗತಿಗೆ ಒಪ್ಪಿಸುತ್ತಿದ್ದರು. ನನಗೆ ಹೇಸಿಗೆಯಾಗಬೇಕಿತ್ತು. ನಿಜ ಹೇಳುತ್ತೇನೆ, ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು ಎಂದು ಖುಷಿಪಟ್ಟೆ. ತಮ್ಮ ಹೊರೆಯನ್ನು ಪಕ್ಕದ ದೇಶದ ಹೆಗಲಿಗೆ ದಾಟಿಸುವ ರಾಷ್ಟ್ರಗಳ ಬಗ್ಗೆ ಹೇಳುವಾಗ ಮೊರದ ಕಥೆ ತಂದೆ. ಭದ್ರತೆಯ ಇಕ್ಕಟ್ಟು ಎಂಬ ಪಾಠಕ್ಕೆ ದೊಣ್ಣೆ ತಂದೆ. "ನಿನ್ನ ರಕ್ಷಣೆಗೆಂದು ನೀನು ದೊಣ್ಣೆ ಹಿಡಿದರೂ ಎದುರಿನವನಿಗೆ ಅದು ತನ್ನ ತಲೆಗೆ ಹಿಡಿದ ದೊಣ್ಣೆಯಾಗಿಯೇ ಕಾಣುತ್ತದೆ. ಅವನೂ ಒಂದು ಹಿಡಿಯುತ್ತಾನೆ. ಇಬ್ಬರಿಗೂ ಹೊಡೆಯುವ ಮನಸ್ಸಿಲ್ಲದಿದ್ದರೂ ಇಬ್ಬರ ತಲೆಯೂ ಒಡೆಯುತ್ತದೆ" ಎಂದು ಬೋರ್ಡಿನ ಮೇಲೆ ಎರಡು ಬೊಂಬೆ ಬರೆದು ತೋರಿಸಿದೆ. ಎಲ್ಲರೂ ನಕ್ಕರು. ರುದ್ರೇಶಪ್ಪ ನಗಲಿಲ್ಲ, ಕೆಂಪು ಪೆನ್ನಿನಲ್ಲಿ ಬರೆದುಕೊಂಡರು.

ಭಾದ್ರಪದದ ಒಂದು ಭಾನುವಾರ ಬದಲಾವಣೆಯ ಪಾಠ ಬಂತು. ವಿಶ್ವ ರಾಜಕಾರಣ ಬದಲಾಗುವ ಬಗೆಯನ್ನು ಸಿದ್ಧಾಂತಗಳು ಹೇಗೆ ವಿವರಿಸುತ್ತವೆ, ಹತ್ತು ಅಂಕ. ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆ. ನಾನು ಮೂರು ಗುಂಪು ಮಾಡಿ ಹೇಳಿದೆ. ವಾಸ್ತವವಾದಿಗಳ ಪ್ರಕಾರ ಮೇಲೆ ಕೂತವರು ಬದಲಾಗುತ್ತಾರೆ, ಆಟ ಬದಲಾಗುವುದಿಲ್ಲ. ಒಬ್ಬನ ಬಲ ಕುಗ್ಗಿ ಇನ್ನೊಬ್ಬನ ಬಲ ಏರಿದಾಗ ಯುದ್ಧವಾಗುತ್ತದೆ, ಗೆದ್ದವನು ಹೊಸ ನಿಯಮ ಬರೆಯುತ್ತಾನೆ. ಉದಾರವಾದಿಗಳ ಪ್ರಕಾರ ವ್ಯಾಪಾರ, ಒಪ್ಪಂದ, ಕೂತು ಮಾತಾಡುವ ಸಂಸ್ಥೆಗಳು ಬೆಳೆದ ಹಾಗೆ ಹೊಡೆದಾಟ ದುಬಾರಿಯಾಗುತ್ತದೆ. ರಚನಾವಾದಿಗಳ ಮಾತೇ ಬೇರೆ. ಹುಟ್ಟಾ ಶತ್ರು ಯಾರೂ ಇಲ್ಲ, ಒಬ್ಬರೊಡನೊಬ್ಬರು ಹಾಗೆ ನಡೆದುಕೊಂಡು ಶತ್ರುಗಳಾಗಿದ್ದಾರೆ. ಬೇರೆ ರೀತಿ ನಡೆದುಕೊಂಡರೆ ಬೇರೆಯವರೇ ಆಗಬಹುದು.

ರುದ್ರೇಶಪ್ಪ ಎದ್ದರು. "ಮೊದಲ್ನೇದು ನಮ್ಮವ್ವನೂ ಹೇಳ್ತಾಳೆ ಮೇಡಂ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಎರಡ್ನೇದು ನಮ್ಮೂರಿಗೆ ಆಗಲ್ಲ, ಎರಡೂರೂ ಸೇರಿ ಕೂತು ಮಾತಾಡೋಕೆ ಒಂದು ಕಟ್ಟೆನೇ ಇಲ್ಲ. ಮೂರ್ನೇದು ಹೇಳಿ. ಬೇರೆ ರೀತಿ ನಡ್ಕೊಳ್ಳೋದು ಅಂದ್ರಲ್ಲ, ಯಾರು ಮೊದಲು ನಡ್ಕೋಬೇಕು?"

ನಾನು ಶೀತಲ ಸಮರದ ಕೊನೆಯ ವರ್ಷಗಳ ಕಥೆ ಹೇಳಿದೆ. ದಶಕಗಳ ಕಾಲ ಎರಡೂ ಕಡೆ ಕ್ಷಿಪಣಿ ನೆಟ್ಟು ಕೂತಿದ್ದವರಲ್ಲಿ ಒಂದು ಕಡೆಯವರು, ನೀವೂ ಹಿಂದೆ ಸರಿಯಿರಿ ಎಂದು ಕೇಳದೆಯೇ ತಮ್ಮ ಸೈನಿಕರನ್ನು ಕಡಿಮೆ ಮಾಡುತ್ತೇವೆಂದು ಘೋಷಿಸಿದರು. ಬರೀ ಮಾತಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ತಮಗೇ ನಷ್ಟವಾಗುವಂಥದ್ದನ್ನು ಮಾಡಿ ತೋರಿಸಿದ್ದರಿಂದ ಎದುರಿನವರ ಅನುಮಾನ ಕರಗತೊಡಗಿತು. "ಬಲ ಇರುವವನು ಮೊದಲು ಕೈ ಚಾಚಬೇಕು, ಅದೂ ಅವನಿಗೆ ನೋವಾಗುವ ಹಾಗೆ ಚಾಚಬೇಕು" ಎಂದೆ. ಪುಸ್ತಕದಲ್ಲಿ ಇಷ್ಟು ಚೆನ್ನಾಗಿರಲಿಲ್ಲ. ನನ್ನ ಮಾತಿಗೆ ನಾನೇ ಮರುಳಾಗಿದ್ದೆ.

ಮುಂದಿನ ವಾರ ಅವರು ತರಗತಿಗೆ ಬರಲಿಲ್ಲ, ಫೋನು ಮಾಡಿದರು. "ಮೇಡಂ, ಒಪ್ಸಿದೀನಿ. ಈ ಸಲ ಮಾರಿನ ಗಡೀಲಿ ಇಡಲ್ಲ. ನಾವೇ ಹೊತ್ಕೊಂಡು ಕೆಳೂರು ದಾಟ್ಸಿ ಹಳ್ಳಕ್ಕೆ ಬಿಟ್ಬತ್ತೀವಿ. ಅವರ ಊರಿಂದೂ ಸೇರ್ಸಿ. ಅವರ ಹೊರೆ ನಾವು ಹೊರ್ತೀವಿ. ಇದಕ್ಕಿಂತ ಇನ್ನೇನು ಬೇಕು?"

ನನಗೆ ಕಣ್ಣು ತುಂಬಿತು. ಯಾವ ಮೇಷ್ಟರ ಪಾಠ ಹೀಗೆ ರಸ್ತೆಗಿಳಿದಿದೆ? ಕೆಳೂರಿನವರಿಗೆ ತಿಳಿಸಿದ್ದೀರಾ ಎಂದೆ. ಅವರ ತಂಗಿ ಲಲಿತಾಳನ್ನು ಕೆಳೂರಿಗೇ ಕೊಟ್ಟಿತ್ತು. ಲಲಿತಾಳ ಗಂಡ ಬಸವರಾಜು ಆ ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವನು. ಅವನು ತನ್ನ ಊರಿನವರನ್ನು ಕೂರಿಸಿಕೊಂಡು, "ನಮ್ಮ ಭಾವ ಬರೀ ಕೈಲಿ ಬತ್ತಾನೆ, ಅದಕ್ಕೆ ನಾನು ಜವಾಬ್ದಾರಿ" ಎಂದು ಮಾತು ಕೊಟ್ಟಿದ್ದನಂತೆ. ಬಹಳ ಹೊತ್ತು ಗಲಾಟೆಯಾಗಿ ಕೊನೆಗೆ ಊರು ಒಪ್ಪಿತ್ತಂತೆ. "ಮಂಗಳವಾರ ಬನ್ನಿ ಮೇಡಂ, ನಿಮ್ ಪಾಠ ನೀವೇ ನೋಡ್ಬೇಕು" ಎಂದರು.

ಹೋದೆ. ಕಾಲೇಜಿಗೆ ರಜೆ ಬರೆದು ಹೋದೆ. ಮೇಲೂರಿನ ಅರಳಿಕಟ್ಟೆಯಲ್ಲಿ ಬೇವಿನ ಸೊಪ್ಪು ಹೊಗೆಯಾಡುತ್ತಿತ್ತು, ರೋಗದ ದನಗಳಿಗೆಲ್ಲ ಅರಿಶಿನ ಎಣ್ಣೆ ಬಳಿದು ಸಾಲಾಗಿ ಕಟ್ಟಿದ್ದರು. ಗಡಿ ದಾಟಿ ಮುಂದೆ ಹೋಗಲು ಊರಿನ ಯಾವ ಹೆಂಗಸೂ ಮುಂದೆ ಬಂದಿರಲಿಲ್ಲ. ಕೊನೆಗೆ ಮೊರ ಹೊರಲು ಒಪ್ಪಿದವರು ರುದ್ರೇಶಪ್ಪನವರ ತಾಯಿ ಸಣ್ಣಮ್ಮ. ಎಪ್ಪತ್ತರ ಹತ್ತಿರದ, ಒಣಕಲು ಕಡ್ಡಿಯಂಥ ಮುದುಕಿ. "ನನ್ ಮಗಳಿರೋ ಊರಿಗೆ ಹೋಗಕ್ಕೆ ನಂಗ್ಯಾಕವ್ವಾ ಹೆದ್ರಿಕೆ? ಮಾರಿ ಬಿಟ್ಟು ಬರುವಾಗ ಲಲ್ತನ ಮನೇಲಿ ಮಜ್ಜಿಗೆ ಕುಡ್ಕೊಂಡು ಬರಾನ, ನೀನೂ ಬಾ" ಎಂದು ನನ್ನ ಕೈ ಹಿಡಿದರು.

ಆಮೇಲೆ ಗಂಡಸರು ಬಂದರು. ನಲವತ್ತು ಜನ, ಎಲ್ಲರ ಕೈಯಲ್ಲೂ ಬಿದಿರಿನ ದೊಣ್ಣೆ.

ನಾನು ರುದ್ರೇಶಪ್ಪನವರನ್ನು ಪಕ್ಕಕ್ಕೆ ಕರೆದೆ. ಅವರ ಮುಖ ಸಣ್ಣದಾಯಿತು. "ಬರೀ ಕೈಲಿ ಬರಲ್ಲ ಅಂತ ಹಟ ಹಿಡಿದ್ರು ಮೇಡಂ. ಹೋದ್ತಿಂಗ್ಳು ಹಲ್ಲು ಉದುರಿಸ್ಕೊಂಡವ್ನು ಇಲ್ಲೇ ಇದಾನೆ, ಅವನಿಗೇನ್ ಹೇಳ್ಲಿ? ಅದಕ್ಕೇ ತುದೀಗೆಲ್ಲ ಬೇವಿನ ಸೊಪ್ಪು ಕಟ್ಸಿದೀನಿ. ದೇವರ ಕೋಲು ಥರ ಕಾಣುತ್ತೆ, ಅಲ್ವಾ?"

ಕಾಣುತ್ತಿರಲಿಲ್ಲ. ಬೇವು ಕಟ್ಟಿದ ದೊಣ್ಣೆಯಾಗಿಯೇ ಕಾಣುತ್ತಿತ್ತು. ಬೋರ್ಡಿನ ಮೇಲೆ ಬೊಂಬೆ ಬರೆದು ತೋರಿಸಿದವಳು ನಾನು. ಆದರೂ "ಬಸವರಾಜುಗೆ ಒಂದು ಫೋನ್ ಮಾಡಿಬಿಡಿ" ಎನ್ನಲಿಲ್ಲ. ತಮಟೆ ಶುರುವಾಗಿತ್ತು, ಮೊರ ತಲೆಗೇರಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ಮಟಮಟ ಮಧ್ಯಾಹ್ನ. ಮಳೆ ಬಿಟ್ಟು ಬಿಸಿಲು ಸುಡುತ್ತಿತ್ತು. ಮುಂದೆ ತಮಟೆಯವನು, ಅವನ ಹಿಂದೆ ರುದ್ರೇಶಪ್ಪ, ಆಮೇಲೆ ಸಣ್ಣಮ್ಮ, ಅವರ ಎಡಕ್ಕೆ ಎರಡು ಮಾರು ದೂರದಲ್ಲಿ ನಾನು, ಹಿಂದೆ ದೊಣ್ಣೆಗಳು. ಯಾರ ಬಾಯಲ್ಲೂ ಮಾತಿಲ್ಲ. ಗಡಿಕಲ್ಲಿನ ಹತ್ತಿರ ಎಲ್ಲರ ನಡಿಗೆಯೂ ತಡವರಿಸಿತು. ಸಣ್ಣಮ್ಮ ಮಾತ್ರ ನಿಲ್ಲದೆ ಕಲ್ಲು ದಾಟಿದರು. ಕೆಳೂರಿನ ಬೀದಿಯ ಬಾಯಲ್ಲಿ ಜನ ನಿಂತಿದ್ದರು. ಮೊದಲು ಒಂದಿಬ್ಬರು ಹೆಂಗಸರು ಕೈಮುಗಿದದ್ದನ್ನು ನಾನು ನೋಡಿದೆ. ನಾವು ತಿರುವು ದಾಟಿ ಹಿಂದಿನ ನಲವತ್ತು ಜನ ಅವರ ಕಣ್ಣಿಗೆ ಬಿದ್ದಾಗ ಆ ಕೈಗಳು ಇಳಿದವು. "ದೊಣ್ಣೆ ತಂದವ್ರೆ ಕಣ್ರೋ!" ಎಂದು ಯಾರೋ ಕಿರುಚಿದರು.

ಬಸವರಾಜು ಓಡಿಬಂದ. ತನ್ನ ಊರಿನೆದುರು ಅವನ ಮಾತು ಮಣ್ಣಾಗಿತ್ತು. "ಬರೀ ಕೈಲಿ ಬತ್ತೀವಿ ಅಂದಿದ್ಯಲ್ಲ ಭಾವಾ! ಏನಿದು? ಹೇಳು!" ರುದ್ರೇಶಪ್ಪ ಬಾಯಿ ಬಿಡುವಂತಿರಲಿಲ್ಲ. ಎರಡೂ ಕೈ ಮೇಲೆತ್ತಿ ತೋರಿಸಿದರು, ಅವರ ಕೈ ಬರಿದಾಗಿತ್ತು. ಬಸವರಾಜು ಅವರ ಕೈ ನೋಡಲಿಲ್ಲ, ಹಿಂದಿನ ದೊಣ್ಣೆ ನೋಡಿದ. "ನೀನಾದ್ರೂ ಹೇಳತ್ತೆ! ಎಲ್ಲಿಗ್ ಹೊತ್ಕೊಂಡ್ ಹೊಂಟಿದೀಯ?" ಸಣ್ಣಮ್ಮ ಅಳಿಯನ ಮುಖ ನೋಡಿದರು, ಕಣ್ಣಲ್ಲೇ ಏನೋ ಹೇಳಿ ಮುಂದಕ್ಕೆ ಹೆಜ್ಜೆ ಇಟ್ಟರು. ಮೊರ ಹೊತ್ತವರು ಮಾತಾಡಬಾರದೆಂಬ ನೇಮ ಕೆಳೂರಿನವರಿಗೂ ಗೊತ್ತು, ಆ ಗಳಿಗೆಯಲ್ಲಿ ಅದು ಯಾರಿಗೆ ನೆನಪು? ಅವರ ಕಣ್ಣಿಗೆ ಕಂಡದ್ದು ಇಷ್ಟು: ಮೇಲೂರಿನವರು ದೊಣ್ಣೆ ಕಾವಲಿನಲ್ಲಿ, ಕೇಳಿದರೂ ಉತ್ತರ ಕೊಡದೆ, ಮಾರಿಯನ್ನು ಊರೊಳಗೆ ನುಗ್ಗಿಸುತ್ತಿದ್ದಾರೆ.

ನಾನು ಕೂಗಿ ಹೇಳಬಹುದಿತ್ತು. ನನಗೆ ಯಾವ ಮಾರಿಯ ಭಯ? ನಾಲ್ಕು ಮಾತು ಸಾಕಿತ್ತು, ಹಳ್ಳಕ್ಕೆ ಹೊರಟಿದ್ದಾರೆ, ನಿಮ್ಮ ಒಳ್ಳೆಯದಕ್ಕೆ ಬಂದಿದ್ದಾರೆ ಎಂದು. ಅವರ ನೇಮ ನಾನು ಮುರಿಯಬಾರದು ಎಂಬ ಸಂಕೋಚಕ್ಕೆ ತುಟಿ ಕಚ್ಚಿಕೊಂಡು ನಿಂತೆ.

ಮೊದಲ ಕಲ್ಲು ತಮಟೆಯವನ ಹಣೆಗೆ ಬಿತ್ತು. ಹಿಂದಿನ ನಲವತ್ತು ಜನ ಒಮ್ಮೆಲೇ ಮುಂದೆ ನುಗ್ಗಿದರು. ರುದ್ರೇಶಪ್ಪ ಅವರನ್ನು ತಡೆಯಲು ತಿರುಗಿ, ನಮ್ಮನ್ನು ದಾಟಿ ಹಿಂದಕ್ಕೆ ಓಡಿದರು. ಬೆನ್ನು ನಮ್ಮ ಕಡೆಗಿತ್ತು. ಆ ಗಳಿಗೆಯಲ್ಲಿ ಬಸವರಾಜು ಪಕ್ಕದವನ ಕೈಯಿಂದ ಬಿದಿರಿನ ಗಳ ಕಿತ್ತುಕೊಂಡು ಮೊರಕ್ಕೆ ಬೀಸಿದ. ಮೊರಕ್ಕೆ. ನಾನು ಎರಡು ಮಾರು ದೂರದಲ್ಲಿದ್ದೆ, ಅವನ ಕಣ್ಣು ಮೊರದ ಮೇಲಿತ್ತು. ಅದನ್ನು ಊರಿನ ಆಚೆ ಹಾರಿಸಿಬಿಡಬೇಕೆಂಬ ಆವೇಶ, ಅಷ್ಟೆ. ಸಣ್ಣಮ್ಮ ಬೆದರಿ ಒಂದು ಹೆಜ್ಜೆ ಮುಂದಿಟ್ಟರು. ಗಳ ಕಿವಿಯ ಮೇಲೆ ಬಿತ್ತು. ತೆಂಗಿನಕಾಯಿ ಒಡೆದ ಸದ್ದಾಯಿತು. ಮಡಕೆ, ಬಳೆ, ಮೊಸರನ್ನ ಎಲ್ಲದರ ಮೇಲೆ ಅವರು ಬಿದ್ದರು. ಬಸವರಾಜು ಗಳ ಬಿಸಾಡಿ "ಅತ್ತೇ" ಎಂದು ಬಗ್ಗಿದ. ಅಷ್ಟರಲ್ಲಿ ರುದ್ರೇಶಪ್ಪ ತಿರುಗಿ ನೋಡಿದರು. ಅವರಿಗೆ ಕಂಡದ್ದು ಬಿದ್ದ ತಾಯಿ, ಮೇಲೆ ಬಗ್ಗಿದ ಬಸವರಾಜು, ಅವನ ಕಾಲ ಬಳಿ ಗಳ.

ಮುಂದಿನದು ಹೊಡೆದಾಟವಲ್ಲ, ಕೊಚ್ಚಾಟ. ಕೆಳೂರಿನ ಮನೆಗಳಿಂದ ಮಚ್ಚು, ಗುದ್ದಲಿ, ಒನಕೆ ಹೊರಬಂದವು. ಒಬ್ಬನ ಮೊಣಕೈ ಹಿಂದುಮುಂದಾಗಿ ನೇತಾಡುವುದನ್ನು ನೋಡಿದೆ. ಹಲ್ಲಿಲ್ಲದವನು ಬೇವು ಕಟ್ಟಿದ ದೊಣ್ಣೆಯಲ್ಲಿ ಬಿದ್ದವನೊಬ್ಬನನ್ನು ರಾಗಿ ಬಡಿದ ಹಾಗೆ ಬಡಿಯುತ್ತಿದ್ದ. ಬೆರಳೆರಡು ಕಡಿದುಹೋದ ಕೈಯನ್ನು ಬಾಯಲ್ಲಿಟ್ಟುಕೊಂಡು ಒಬ್ಬ ಮುದುಕ ಜಗುಲಿಯ ಮೇಲೆ ಕೂತಿದ್ದ. ನಾನು ಸಣ್ಣಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಸೆರಗು ಒತ್ತಿ ಹಿಡಿದಿದ್ದೆ. ಅವರ ಕಿವಿಯಿಂದ ಬರುತ್ತಿದ್ದ ರಕ್ತ ನಿಲ್ಲಲಿಲ್ಲ. ಮೊರ ಇಳಿದಿತ್ತು, ಇನ್ನು ಮಾತಾಡಬಹುದಿತ್ತು. ಅವರು ಮಾತಾಡಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರನೆಯ ದಿನ ಸಣ್ಣಮ್ಮ ತೀರಿಕೊಂಡರು. ಗುಂಪಿನಲ್ಲಿ ಯಾರ ಏಟು ಯಾರಿಗೆ ಬಿತ್ತೆಂದು ಯಾರೂ ಬಾಯಿ ಬಿಡಲಿಲ್ಲ. ಹತ್ತಿರದಿಂದ ನೋಡಿದವಳು ನಾನೊಬ್ಬಳೇ ಎಂದು ಪೊಲೀಸರಿಗೆ ಗೊತ್ತಾಗಿ ಹೇಳಿಕೆಗೆ ಕರೆದರು. ಹೋಗುವ ಮುಂಚೆ ರುದ್ರೇಶಪ್ಪ ನನ್ನನ್ನು ಶವಾಗಾರದ ಹೊರಗೆ ಕಂಡರು. ಎಡಗೈಗೆ ಪಟ್ಟಿ ಹಾಕಿತ್ತು. ಅಳುತ್ತಿರಲಿಲ್ಲ.

"ಮೇಡಂ, ನೋಡಿಲ್ಲ ಅಂದ್ಬಿಡಿ."

"ರುದ್ರೇಶಪ್ಪನವರೇ, ನಾನು ನೋಡಿದ್ದು..."

"ಬೇಡ ಮೇಡಂ. ಆ ಮಾತೇ ಬೇಡ. ಅವನ ಹೆಸರು ನಿಮ್ ಬಾಯಲ್ಲಿ ಬರೋದ್ ಬೇಡ. ನನ್ ತಂಗಿ ತಾಳಿ ಅದು." ಬಲಗೈ ಎತ್ತಿ ಮುಗಿದರು. ಮುರಿದ ಕೈಯನ್ನೂ ಎತ್ತಲು ನೋಡಿದರು.

ನಾನು ಕರಗಿಹೋದೆ. ತಾಯಿಯ ಹೆಣ ಒಳಗಿದೆ, ಆಕೆಯನ್ನು ಕೊಂದವನಿಗಾಗಿ ಹೊರಗೆ ಮಗ ಕೈಮುಗಿಯುತ್ತಿದ್ದಾನೆ. ಕೈ ಚಾಚುವುದೆಂದರೆ ಇದು ಎಂದುಕೊಂಡೆ. ತನಗೆ ನೋವಾಗುವ ಹಾಗೆ ಚಾಚುವುದು ಎಂದರೆ ಇದಕ್ಕಿಂತ ಇನ್ನೇನು? ಅವನು ಮೊರಕ್ಕೆ ಹೊಡೆದದ್ದು, ನಿಮ್ಮ ತಾಯಿಗಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅವರಾಗಲೇ ಕ್ಷಮಿಸಿದ್ದಾರಲ್ಲ, ಈಗ ಅದನ್ನು ಎತ್ತಿ ಹುಣ್ಣು ಕೆದಕುವುದೇಕೆ ಎಂದು ನುಂಗಿಕೊಂಡೆ. ಠಾಣೆಯಲ್ಲಿ "ಗಲಾಟೆಯಲ್ಲಿ ನನಗೇನೂ ಕಾಣಲಿಲ್ಲ" ಎಂದು ಬರೆಸಿ ಸಹಿ ಮಾಡಿದೆ. ಮಾತು ಬೆಳ್ಳಿ, ಮೌನ ಬಂಗಾರ. ನನ್ನ ಬಂಗಾರಕ್ಕೆ ನಾನೇ ಹೆಮ್ಮೆಪಟ್ಟುಕೊಂಡು ಬಸ್ಸು ಹತ್ತಿದೆ.

ಆಮೇಲೆ ಎರಡೂ ಊರು ಸುಮ್ಮನಾದವು. ರೋಗವೂ ಇಳಿಯಿತು, ಸರ್ಕಾರದ ಲಸಿಕೆ ಬಂತು. ರುದ್ರೇಶಪ್ಪ ಮತ್ತೆ ಭಾನುವಾರದ ತರಗತಿಗೆ ಬರತೊಡಗಿದರು. ಪ್ರಶ್ನೆ ಕೇಳುತ್ತಿರಲಿಲ್ಲ, ನೋಟ್ಸ್ ಮಾತ್ರ ಬರೆದುಕೊಳ್ಳುತ್ತಿದ್ದರು. ದುಃಖದಲ್ಲಿದ್ದಾರೆ ಎಂದುಕೊಂಡೆ. ಒಮ್ಮೆ ನಾನೇ, "ನೀವು ಮಾಡಿದ್ದನ್ನು ಯಾವ ದೊಡ್ಡ ದೇಶವೂ ಮಾಡಲಾರದು" ಎಂದೆ. ಅವರು ಪೆನ್ನುಗಳನ್ನು ಜೇಬಿಗೆ ಸಿಕ್ಕಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ದೀಪಾವಳಿಯ ಪಾಡ್ಯದ ಬೆಳಿಗ್ಗೆ ಬಸವರಾಜು ತನ್ನ ಎತ್ತುಗಳನ್ನು ತೊಳೆಯಲು ಹಳ್ಳಕ್ಕೆ ಹೊಡೆದುಕೊಂಡು ಹೋಗಿದ್ದ. ರುದ್ರೇಶಪ್ಪ ಅಲ್ಲಿ ಕಾದಿದ್ದರು. ಕೊಡಲಿಯ ಮೊದಲ ಏಟು ಹೆಗಲಿಗೆ ಬಿತ್ತಂತೆ. ಅವನು ಎತ್ತಿನ ಹೊಟ್ಟೆಯ ಕೆಳಗೆ ನುಸುಳಿ ನೀರಿನಲ್ಲಿ ತೆವಳಿದನಂತೆ. ಬೆನ್ನಿಗೆ, ಕತ್ತಿಗೆ, ಮತ್ತೆ ಕತ್ತಿಗೆ. ಎತ್ತುಗಳು ಹೆದರಿ ರಕ್ತದ ನೀರನ್ನು ತುಳಿದುಕೊಂಡು ಊರಿಗೆ ಓಡಿದವು. ಅವುಗಳ ಕೆಂಪು ಕಾಲು ನೋಡಿ ಲಲಿತಾ ಹಳ್ಳಕ್ಕೆ ಓಡಿದಳು. ರುದ್ರೇಶಪ್ಪ ಎಲ್ಲೂ ಓಡಲಿಲ್ಲ. ಕೊಡಲಿಯನ್ನು ಅಲ್ಲೇ ತೊಳೆದು, ಹೆಗಲ ಮೇಲಿಟ್ಟುಕೊಂಡು ಅಜ್ಜಂಪುರದ ತನಕ ನಡೆದು ಠಾಣೆಗೆ ಹೋದರು.

ಸುದ್ದಿ ತಿಳಿದು ನಾನು ಠಾಣೆಗೆ ಓಡಿದೆ. ಕಂಬಿಯ ಹಿಂದೆ ಗೋಡೆಗೊರಗಿ ಕೂತಿದ್ದರು. "ತಂಗಿ ತಾಳಿ ಅಂದಿರಿ" ಎಂದೆ. "ಕ್ಷಮಿಸಿದ್ದೀರಿ ಅಂದುಕೊಂಡೆ."

"ಕ್ಷಮಿಸ್ದೆ ಅಂತ ನಾನ್ಯಾವಾಗ ಅಂದೆ ಮೇಡಂ? ನೀವ್ ಹೆಸರು ಹೇಳಿದ್ರೆ ಅವನು ಜೈಲಿಗೆ ಹೋಗ್ತಿದ್ದ. ಜೈಲಿಗೆ ಹೋಗಿದ್ರೆ ನನ್ ಕೈಗೆ ಸಿಗ್ತಿದ್ನಾ?" ದನಿಯಲ್ಲಿ ಕೋಪವೂ ಇರಲಿಲ್ಲ. "ಮೊದಲ್ನೇ ಪಾಠನೇ ಸರಿ ಕಣ್ರೀ. ಮೂರ್ನೇದು ಬರೀ ಪುಸ್ತಕದ್ದು."

ಕೈಮುಗಿದು ನಿಂತಿದ್ದ ಕೆಳೂರಿನವರು ದೊಣ್ಣೆ ನೋಡಿ ತಪ್ಪು ತಿಳಿದರು ಎಂದು ನಾನು ಎಷ್ಟು ಜನರಿಗೆ ವಿವರಿಸಿದ್ದೆ. ಶವಾಗಾರದ ಹೊರಗೆ ಇವರು ಮುಗಿದ ಕೈ ನೋಡಿ ನಾನು ತಿಳಿದದ್ದೂ ತಪ್ಪೇ ಆಗಿತ್ತು. ಅವತ್ತೂ ಒಂದು ಮಾತು ಹೇಳಲಿಲ್ಲ ನಾನು. ಕಂಬಿಯ ಆಚೆ ಕೂತ ಮನುಷ್ಯನಿಗೆ, ಅವನು ನಿನ್ನ ತಾಯಿಗೆ ಹೊಡೆಯಲಿಲ್ಲ ಕಣಪ್ಪಾ ಎಂದು ಹೇಳುವ ಧೈರ್ಯ ಬರಲಿಲ್ಲ.

ಎರಡು ವರ್ಷದ ಮೇಲೆ ಚಿಕ್ಕಮಗಳೂರಿನ ಕೋರ್ಟಿನಿಂದ ಸಮನ್ಸ್ ಬಂತು. ಕೊಲೆಗೆ ಕಾರಣವಾದ ಹಿಂದಿನ ಗಲಾಟೆಯ ಬಗ್ಗೆ ಸಾಕ್ಷಿ ಹೇಳಬೇಕಿತ್ತು. ಲಲಿತಾ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ತಾಯಿಯೂ ಹೋಗಿ, ಗಂಡನೂ ಹೋಗಿ, ಉಳಿದ ಒಬ್ಬ ಅಣ್ಣ ಆರೋಪಿಯ ಕಟಕಟೆಯಲ್ಲಿ. ರುದ್ರೇಶಪ್ಪನವರ ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿ ಅಭ್ಯಾಸಬಲದಿಂದ ಅರ್ಧ ಎದ್ದು ನಮಸ್ಕಾರ ಮಾಡಿದರು.

"ಪೊಲೀಸರ ಮುಂದೆ ಏನೂ ಕಾಣಲಿಲ್ಲ ಅಂತ ಹೇಳಿಕೆ ಕೊಟ್ಟಿದ್ದೀರಿ" ಎಂದರು ವಕೀಲರು.

"ಸುಳ್ಳು ಹೇಳಿದ್ದೆ."

"ಹಾಗಾದರೆ ಏನು ನೋಡಿದಿರಿ?"

ಹೇಳಿದೆ. ಬಸವರಾಜು ಗಳ ಕಿತ್ತುಕೊಂಡದ್ದು, ಕಣ್ಣು ಮೊರದ ಮೇಲೆ ನೆಟ್ಟು ಬೀಸಿದ್ದು, ಸಣ್ಣಮ್ಮ ಬೆದರಿ ಅಡ್ಡ ಬಂದದ್ದು, ಅವನು ಗಳ ಬಿಸಾಡಿ ಅತ್ತೇ ಎಂದು ಬಗ್ಗಿದ್ದು. ಲಲಿತಾ ಸೆರಗು ಬಾಯಿಗೆ ತುರುಕಿಕೊಂಡಳು.

ಕಟಕಟೆಯಲ್ಲಿ ರುದ್ರೇಶಪ್ಪ ಎದ್ದು ನಿಂತಿದ್ದರು. ಕೂತುಕೊಳ್ಳಿ ಎಂದು ಪೇದೆ ಹೆಗಲು ಒತ್ತುತ್ತಿದ್ದ, ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಎರಡೂ ಕೈಯಲ್ಲಿ ಮರದ ಕಂಬಿ ಹಿಡಿದು ನನ್ನನ್ನೇ ನೋಡುತ್ತ, ಮೆಲ್ಲಗೆ, ಪಾಠ ಅರ್ಥವಾಗದವರು ಕೇಳುವ ಹಾಗೆ ಕೇಳಿದರು.

"ಇದ್ನ ನಂಗ್ಯಾಕೆ ಹೇಳ್ಲಿಲ್ಲ ಮೇಡಂ?"

ಜಡ್ಜ್ ಸಾಹೇಬರು ಮೇಜು ತಟ್ಟಿ ಅವರನ್ನು ಸುಮ್ಮನಿರಿಸಿದರು. ನನ್ನ ಕಡೆ ತಿರುಗಿ, ಅದಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ ಎಂದರು.